ಹಳೆಯ ಎಎಂ4 ಬೋರ್ಡಿಗೆ ರೈಜೆನ್ 7 5700ಎಕ್ಸ್3ಡಿ: ಹಾಕಿಸಬೇಕೇ, ಬಿಡಬೇಕೇ?

ಎಎಂಡಿಯ ರೈಜೆನ್ 7 5700ಎಕ್ಸ್3ಡಿ ಪ್ರೊಸೆಸರ್ 2024ರ ಜನವರಿಯಲ್ಲಿ ಬಂದಾಗ ಬೋರ್ಡಿನಲ್ಲಿ ಅದು ಕೂರುವ ಸಾಕೆಟ್ಟಿಗೆ ಆಗಲೇ ವಯಸ್ಸಾಗಿತ್ತು. 2017ರಲ್ಲಿ ಮೊದಲ ರೈಜೆನ್ ಕೂತಿದ್ದು ಇದೇ ಎಎಂ4ನಲ್ಲಿ. ಮುಂದಿನ ಸಾಕೆಟ್ ಎಎಂ5 ಬಂದು ಒಂದು ವರ್ಷ ದಾಟಿತ್ತು. ಹಾಗಿದ್ದೂ ಈ ಚಿಪ್ಪಿಗೆ ಗಿರಾಕಿಗಳು ಕಡಿಮೆಯಾಗಲಿಲ್ಲ. ಕಾರಣ ಸರಳ. ಬಿ450, ಬಿ550 ಬೋರ್ಡಿನ ಮೇಲೆ ಹಳೆಯ ರೈಜೆನ್ 2600, 3600 ಇಟ್ಟುಕೊಂಡು, ಗ್ರಾಫಿಕ್ಸ್ ಕಾರ್ಡ್ ಮಾತ್ರ ಹೊಸದು ಹಾಕಿಸಿ, ಆಟ ಇನ್ನೂ ಯಾಕೆ ತಡವರಿಸುತ್ತಿದೆ ಎಂದು ತಲೆ ಕೆರೆದುಕೊಳ್ಳುವವರು ಬಹಳ ಮಂದಿ. ಅವರಿಗೆ ಬೋರ್ಡು, ರ‍್ಯಾಮ್ ಮುಟ್ಟದೆ ಮುಗಿಯುವ ಪರಿಹಾರ ಇದು. ಆದರೆ ಎಲ್ಲರಿಗೂ ಅಲ್ಲ. ಇದನ್ನು ಕೊಂಡವರಲ್ಲಿ ಒಂದು ಪಾಲು ಜನರಿಗೆ ನಿಜಕ್ಕೂ ಬೇಕಿದ್ದದ್ದು ಬೇರೆಯೇ, ಕೆಲವರಿಗಂತೂ ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಒಂದು ಆಯ್ಕೆ ಬದಲಿಸಿದ್ದರೆ ಸಾಕಿತ್ತು.

ಹಾಗಾಗಿ ಚಿಪ್ಪಿನ ಗುಣಗಾನಕ್ಕೆ ಮೊದಲು ಅಳತೆ.

ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆ ಬರುವ ರಿವಾಟ್ಯೂನರ್ ಎಂಬ ಅಳೆಯುವ ಸಾಧನಗಳನ್ನು ಹಾಕಿಕೊಳ್ಳಿ. ಪರದೆಯ ಮೂಲೆಯಲ್ಲಿ ಕಾಣಬೇಕಾದದ್ದು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್), ಫ್ರೇಮ್ ಟೈಮ್ (ಒಂದು ಫ್ರೇಮಿಗೆ ಹಿಡಿಯುವ ಹೊತ್ತು) ಗೆರೆ, ಜಿಪಿಯು ಅಂದರೆ ಗ್ರಾಫಿಕ್ಸ್ ಕಾರ್ಡಿನ ಬಳಕೆ, ಪ್ರೊಸೆಸರ್ ಏಕಕಾಲಕ್ಕೆ ಓಡಿಸುವ ಪ್ರತಿ ಥ್ರೆಡ್‌ನ ಬಳಕೆ, ವೀಡಿಯೊ ಮೆಮೊರಿ ಮತ್ತು ರ‍್ಯಾಮ್. ಎಫ್‌ಪಿಎಸ್ ಅನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ತೆಗೆಯಿರಿ, ಎಫ್‌ಪಿಎಸ್ ಮಿತಿ ಇದ್ದರೆ ಅದನ್ನೂ ತೆಗೆಯಿರಿ. ಮಿತಿ ಹಾಕಿ ಅಳೆದರೆ ಜಿಪಿಯು ಬಳಕೆ ತಾನಾಗಿಯೇ ಇಳಿದು ತಪ್ಪು ಉತ್ತರ ಸಿಗುತ್ತದೆ. ಆಮೇಲೆ ಆಟದ ಖಾಲಿ ಬಯಲಿನಲ್ಲಲ್ಲ, ಜನ ತುಂಬಿದ ಜಾಗದಲ್ಲಿ ಓಡಾಡಿ. ಹಾಗ್ವಾರ್ಟ್ಸ್ ಲೆಗಸಿಯ ಹಾಗ್ಸ್‌ಮೀಡ್, ಬಾಲ್ಡರ್ಸ್ ಗೇಟ್ 3ರ ಮೂರನೇ ಅಂಕದ ನಗರ, ಡ್ರ್ಯಾಗನ್ಸ್ ಡಾಗ್ಮಾ 2ರ ರಾಜಧಾನಿ ಪ್ರೊಸೆಸರಿನ ಬೆವರಿಳಿಸುವ ಜಾಗಗಳು. ನೀವು ಆಡುವ ಆಟದಲ್ಲೂ ಅಂಥ ಒಂದು ಜಾಗ ಇದ್ದೇ ಇರುತ್ತದೆ.

ಅಲ್ಲಿ ಜಿಪಿಯು ಬಳಕೆ ಶೇ. 95ರ ಮೇಲೆ ನಿಂತಿದ್ದರೆ ಈ ವಿಮರ್ಶೆಯ ಉಳಿದ ಭಾಗ ನಿಮಗೆ ಬೇಕಿಲ್ಲ. ಗ್ರಾಫಿಕ್ಸ್ ಕಾರ್ಡ್ ತನ್ನ ಪೂರ್ತಿ ಶಕ್ತಿಯಲ್ಲಿ ಓಡುತ್ತಿದೆ, ಪ್ರೊಸೆಸರ್ ಬದಲಿಸಿದರೆ ಎಫ್‌ಪಿಎಸ್ ಅಲ್ಲೇ ಇರುತ್ತದೆ. ಶೇ. 60, 70ಕ್ಕೆ ಇಳಿದಿದ್ದರೆ ಅನುಮಾನ ಪ್ರೊಸೆಸರಿನ ಮೇಲೆ. ಖಚಿತಪಡಿಸಿಕೊಳ್ಳಲು ಅದೇ ಜಾಗದಲ್ಲಿ ನಿಂತು ರೆಸಲ್ಯೂಶನ್ ಅನ್ನು 720ಪಿಗೆ ಇಳಿಸಿ, ಅಥವಾ ಚಿಕ್ಕ ಚಿತ್ರ ರಚಿಸಿ ದೊಡ್ಡದು ಮಾಡುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಇದ್ದರೆ ಪರ್ಫಾರ್ಮೆನ್ಸ್‌ಗೆ ತನ್ನಿ. ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆಯಾದರೂ ಎಫ್‌ಪಿಎಸ್ ಏರದೇ ಇದ್ದರೆ ತಡೆ ಪ್ರೊಸೆಸರಿನದ್ದೇ.

ಇಲ್ಲಿ ಸಾಮಾನ್ಯವಾಗಿ ದಾರಿ ತಪ್ಪಿಸುವುದು ಟಾಸ್ಕ್ ಮ್ಯಾನೇಜರ್. ‘ನನ್ನ ಸಿಪಿಯು ಬಳಕೆ ಬರೀ ಶೇ. 40 ಇದೆ, ಅದರದ್ದೇನೂ ತೊಂದರೆ ಇಲ್ಲ’ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ಆಟಗಳಲ್ಲಿ ಸಾಮಾನ್ಯವಾಗಿ ಒಂದು ಮುಖ್ಯ ಥ್ರೆಡ್ ಉಳಿದ ಎಲ್ಲವನ್ನೂ ಕಾಯಿಸುತ್ತದೆ. 12 ಥ್ರೆಡ್‌ಗಳ 3600ರಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದರೆ ಒಟ್ಟು ಲೆಕ್ಕಕ್ಕೆ ಅದು ಸೇರಿಸುವುದು ಶೇ. 8.3 ಮಾತ್ರ. ಸಾಲದ್ದಕ್ಕೆ ಆ ಥ್ರೆಡ್ ಒಂದು ಕೋರಿನಿಂದ ಇನ್ನೊಂದಕ್ಕೆ ಹಾರುತ್ತಿರುವುದರಿಂದ ಯಾವ ಕೋರೂ ಶೇ. 100 ಎಂದು ತೋರಿಸದೆಯೂ ಇರಬಹುದು. ಜಿಪಿಯು ಬಳಕೆಯೇ ಹೆಚ್ಚು ನಂಬಿಕೆಯ ಸಾಕ್ಷಿ.

ಅದಕ್ಕೂ ಎರಡು ಅಪವಾದಗಳಿವೆ. 8 ಜಿಬಿ ಕಾರ್ಡಿನಲ್ಲಿ ಟೆಕ್ಸ್‌ಚರ್ ಅಲ್ಟ್ರಾ ಇಟ್ಟು ವೀಡಿಯೊ ಮೆಮೊರಿ ತುಂಬಿಹೋದರೂ ಜಿಪಿಯು ಬಳಕೆ ಕುಸಿಯುತ್ತದೆ, ಫ್ರೇಮ್ ಟೈಮ್ ಗೆರೆ ಗರಗಸದ ಹಲ್ಲಿನಂತಾಗುತ್ತದೆ. ಟೆಕ್ಸ್‌ಚರ್ ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ. ಇನ್ನೊಂದು ಶೇಡರ್ ಸ್ಟಟರ್, ಅಂದರೆ ಗ್ರಾಫಿಕ್ಸ್‌ನ ಪುಟ್ಟ ಪ್ರೋಗ್ರಾಂಗಳು ಆಟದ ನಡುವೆಯೇ ಸಿದ್ಧವಾಗುವಾಗಿನ ತಡವರಿಕೆ. ಅನ್‌ರಿಯಲ್ ಎಂಜಿನ್ ಆಟಗಳಲ್ಲಿ ಹೊಸ ಜಾಗಕ್ಕೆ ಕಾಲಿಟ್ಟ ಮೊದಲ ಸಲ ಬಡಿದು, ಎರಡನೇ ಸಲ ಅದೇ ಜಾಗದಲ್ಲಿ ಬರದೇ ಇದ್ದರೆ ಅದು ಆಟ ತಯಾರಿಸಿದವರ ತಪ್ಪು. ವೇಗದ ಪ್ರೊಸೆಸರ್ ಆ ಬಡಿತವನ್ನು ಚಿಕ್ಕದು ಮಾಡಬಹುದು, ಇಲ್ಲವಾಗಿಸಲಾರದು.

ಇನ್ನೂ ಒಂದನ್ನು ನೋಡಿಯೇ ಮುಂದೆ ಹೋಗಬೇಕು: ಈಗಿರುವ ಪ್ರೊಸೆಸರ್ ತನ್ನ ಪೂರ್ಣ ವೇಗಕ್ಕೆ ಓಡುತ್ತಿದೆಯೇ? ಸಿಪಿಯು-ಝಡ್ ತೆರೆದು ಮೆಮೊರಿ ಪುಟ ನೋಡಿ. ಡಿಡಿಆರ್ ಎಂದರೆ ಎರಡು ಪಟ್ಟು, ಆದ್ದರಿಂದ 3200ರ ರ‍್ಯಾಮ್ ಅಲ್ಲಿ 1600 ಮೆಗಾಹರ್ಟ್ಸ್ ಎಂದು ಕಾಣಬೇಕು. 1066 ಅಥವಾ 1200 ಕಂಡರೆ ಬಯೋಸ್‌ನಲ್ಲಿ ರ‍್ಯಾಮ್ ಅನ್ನು ಪೂರ್ಣ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಆಯ್ಕೆ ಆನ್ ಆಗಿಲ್ಲ. ಒಂದೇ ರ‍್ಯಾಮ್ ಕಡ್ಡಿ ಇದ್ದರೆ, ಅಥವಾ ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡಿದ್ದೂ ಮೊದಲೆರಡು ಇಲ್ಲವೇ ಕೊನೆಯೆರಡು ಸ್ಲಾಟಿನಲ್ಲಿ ಕೂತಿದ್ದರೆ, ಸಿಂಗಲ್ ಚಾನೆಲ್‌ನಲ್ಲಿ, ಅಂದರೆ ಅರ್ಧ ದಾರಿಯಲ್ಲೇ ಓಡುತ್ತಿದೆ. ಅಂಥ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು ಸರಿಯಾದ ಜಾಗ. ಹಳೆಯ ರೈಜೆನ್‌ಗಳು ರ‍್ಯಾಮ್ ವೇಗವನ್ನು ತುಂಬಾ ನೆಚ್ಚಿಕೊಂಡಿವೆ. ಇದೊಂದನ್ನು ಸರಿಪಡಿಸಿದರೆ ಎಷ್ಟೋ ಪಿಸಿಗಳ ತಡವರಿಕೆ ಕಾಸು ಖರ್ಚಿಲ್ಲದೆ ಅರ್ಧ ಇಳಿಯುತ್ತದೆ.

ಇಷ್ಟೆಲ್ಲ ಆದಮೇಲೂ ತಡೆ ಪ್ರೊಸೆಸರಿನದ್ದೇ ಎಂದಾದರೆ, ಈಗ ಚಿಪ್ಪಿನ ಮಾತು.

5700ಎಕ್ಸ್3ಡಿಯಲ್ಲಿ 8 ಕೋರ್, 16 ಥ್ರೆಡ್. ಬೇಸ್ 3.0, ಬೂಸ್ಟ್ 4.1 ಗಿಗಾಹರ್ಟ್ಸ್. ಟಿಡಿಪಿ (ಕೂಲರ್ ನಿಭಾಯಿಸಬೇಕಾದ ಶಾಖದ ಅಂದಾಜು) 105 ವಾಟ್. ಈ ಸಂಖ್ಯೆಗಳನ್ನಷ್ಟೇ ನೋಡಿದರೆ 4.6ರವರೆಗೆ ಹೋಗುವ 5700ಎಕ್ಸ್ ಮುಂದೆ ಇದು ಪೆಚ್ಚು. ವ್ಯತ್ಯಾಸ ಇರುವುದು ಪ್ರೊಸೆಸರಿನೊಳಗಿನ ವೇಗದ ಮೆಮೊರಿಯಾದ ಎಲ್3 ಕ್ಯಾಶ್‌ನಲ್ಲಿ: ಮಾಮೂಲಿ 32 ಎಂಬಿಯ ಮೇಲೆ ಇನ್ನೊಂದು ತೆಳು ಸಿಲಿಕಾನ್ ಪದರ ಇಟ್ಟು 64 ಎಂಬಿ ಸೇರಿಸಿದ್ದಾರೆ, ಒಟ್ಟು 96. ಆಟವೊಂದು ಪ್ರತಿ ಫ್ರೇಮಿಗೂ ನೂರಾರು ಪಾತ್ರಗಳ, ವಸ್ತುಗಳ ಸ್ಥಿತಿಯನ್ನು ಓದುತ್ತದೆ. ಆ ಮಾಹಿತಿ ಕ್ಯಾಶ್‌ನಲ್ಲಿ ಸಿಕ್ಕರೆ ಹತ್ತು ಚಿಲ್ಲರೆ ನ್ಯಾನೊಸೆಕೆಂಡಿನಲ್ಲಿ ಕೈಗೆ ಬರುತ್ತದೆ, ಸಿಗದೆ ರ‍್ಯಾಮ್‌ವರೆಗೆ ಹೋದರೆ ಅದರ ಐದಾರು ಪಟ್ಟು. ಅಡುಗೆಗೆ ಬೇಕಾದ ಸಾಮಾನು ಒಲೆಯ ಪಕ್ಕದ ಗೂಡಿನಲ್ಲಿದೆಯೋ, ಪ್ರತಿ ಸಲ ಅಟ್ಟ ಹತ್ತಬೇಕೋ ಎನ್ನುವಷ್ಟು ವ್ಯತ್ಯಾಸ. ಗಡಿಯಾರದ ವೇಗದಲ್ಲಿ ಕಳೆದುಕೊಂಡದ್ದನ್ನು ಚಿಪ್ಪು ಹೀಗೆ ಕಾಯುವ ಹೊತ್ತು ಉಳಿಸಿ ಗಳಿಸಿಕೊಳ್ಳುತ್ತದೆ.

ಹಳಬರ ಸ್ಥಿತಿಯನ್ನೂ ನೋಡಿ. 2600ರಲ್ಲಿ ಒಟ್ಟು 16 ಎಂಬಿ, ಅದೂ 8ರಂತೆ ಎರಡು ಹೋಳು. 3600ರಲ್ಲಿ 32 ಇದ್ದರೂ ಮೂರು ಮೂರು ಕೋರ್‌ಗಳಿಗೆ 16ರಂತೆ ಹಂಚಿಹೋಗಿದೆ, ಒಂದು ಗುಂಪಿನ ಕೋರ್ ಇನ್ನೊಂದರ ಕ್ಯಾಶ್ ತಲುಪಲು ಸುತ್ತು ಹಾಕಬೇಕು. 5600ರಿಂದ 32 ಒಂದೇ ತುಂಡಾಯಿತು. ಆದ್ದರಿಂದ 3600ರಿಂದ ಬರುವವರಿಗೆ ಪ್ರೊಸೆಸರ್ ತಡೆಯುವ ಆಟಗಳಲ್ಲಿ ಒಂದೂವರೆ ಪಟ್ಟಿನ ಆಸುಪಾಸು ಏರಿಕೆ ಕಾಣುತ್ತದೆ, 2600ರಿಂದ ಬರುವವರಿಗೆ ಇನ್ನೂ ಹೆಚ್ಚು. 5600 ಅಥವಾ 5600ಎಕ್ಸ್ ಇರುವವರ ಕತೆ ಬೇರೆ: ಕೆಲವು ಆಟಗಳಲ್ಲಿ ಕಣ್ಣಿಗೆ ಬೀಳುವ ಲಾಭ, ಕೆಲವದರಲ್ಲಿ ಏನೂ ಇಲ್ಲ.

ಯಾವ ಆಟ ಎಂಬುದೇ ಎಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಫ್ಯಾಕ್ಟೋರಿಯೊ, ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಫೈನಲ್ ಫ್ಯಾಂಟಸಿ 14 ಇವೆಲ್ಲ ಕ್ಯಾಶ್ ಕಂಡರೆ ಬಾಯಿ ಬಿಡುವ ಆಟಗಳು. ನೂರು ಜನ ಒಂದೆಡೆ ಸೇರುವ ಎಂಎಂಒ (ಆನ್‌ಲೈನ್ ಬಹುಜನ ಆಟ) ದಾಳಿಯಲ್ಲೋ, ಇಪ್ಪತ್ತು ಮೂವತ್ತು ಕಾರುಗಳ ರೇಸಿನ ಮೊದಲ ತಿರುವಿನಲ್ಲೋ ಫ್ರೇಮ್ ಟೈಮ್ ಗೆರೆ ಮಲಗುವುದನ್ನು ನೋಡಿದರೆ ದುಡ್ಡು ಎಲ್ಲಿ ಹೋಯಿತು ಎಂದು ತಿಳಿಯುತ್ತದೆ. ಸರಾಸರಿ ಎಫ್‌ಪಿಎಸ್‌ಗಿಂತ ‘ಒನ್ ಪರ್ಸೆಂಟ್ ಲೋ’ (ಅತಿ ನಿಧಾನದ ಶೇ. 1 ಫ್ರೇಮ್‌ಗಳ ಎಫ್‌ಪಿಎಸ್) ಸಂಖ್ಯೆಯಲ್ಲಿ ಈ ಚಿಪ್ಪಿನ ನಿಜವಾದ ಬೆಲೆ ಇದೆ. ಸರಾಸರಿ 90 ಎಂದರೆ ಫ್ರೇಮಿಗೆ 11 ಮಿಲಿಸೆಕೆಂಡ್. ನಡುವೆ ಒಂದು ಫ್ರೇಮ್ 40 ತೆಗೆದುಕೊಂಡರೂ ಸರಾಸರಿ ಅದನ್ನು ಮುಚ್ಚಿಡುತ್ತದೆ, ಕಣ್ಣು ಮಾತ್ರ ಹಿಡಿದುಬಿಡುತ್ತದೆ.

‘ನಾನು 4ಕೆಯಲ್ಲಿ ಆಡುತ್ತೇನೆ, ನನಗೆ ಪ್ರೊಸೆಸರ್ ಲೆಕ್ಕಕ್ಕಿಲ್ಲ’ ಎನ್ನುವ ಹಳೆಯ ಸೂತ್ರ ಈಗ ಅರ್ಧ ಮಾತ್ರ ನಿಜ. 4ಕೆಯಲ್ಲಿ ಡಿಎಲ್‌ಎಸ್‌ಎಸ್ ಕ್ವಾಲಿಟಿ ಇಟ್ಟರೆ ಕಾರ್ಡ್ ಒಳಗೆ ರಚಿಸುವುದು 2560×1440ರ ಚಿತ್ರ, ಪರ್ಫಾರ್ಮೆನ್ಸ್ ಇಟ್ಟರೆ 1920×1080ರದ್ದು. ಪ್ರೊಸೆಸರಿಗೆ ಬೀಳುವ ಹೊರೆ ಹಾಗೆ ಏರಿದ ಎಫ್‌ಪಿಎಸ್‌ಗೆ ತಕ್ಕದ್ದು. ರೇ ಟ್ರೇಸಿಂಗ್ ಆನ್ ಮಾಡಿದರೆ ದೃಶ್ಯದ ಲೆಕ್ಕ ಹಾಕಿಡುವ ಹೆಚ್ಚುವರಿ ಕೆಲಸವೂ ಪ್ರೊಸೆಸರಿನ ತಲೆಗೇ. ನಿಜ ಫ್ರೇಮ್‌ಗಳ ನಡುವೆ ಕೃತಕ ಫ್ರೇಮ್ ತೂರಿಸುವ ಫ್ರೇಮ್ ಜನರೇಶನ್ ಎಫ್‌ಪಿಎಸ್ ಸಂಖ್ಯೆಯನ್ನು ಎತ್ತುತ್ತದೆ ನಿಜ, ಆದರೆ ಮೌಸ್‌ಗೆ ಆಟ ಸ್ಪಂದಿಸುವುದು ಆ ನಿಜ ಫ್ರೇಮ್‌ಗಳ ವೇಗಕ್ಕೇ. 35 ಎಫ್‌ಪಿಎಸ್‌ನಲ್ಲಿ ಏದುಸಿರು ಬಿಡುತ್ತಿರುವ ಪ್ರೊಸೆಸರಿಗೆ ಅದು ಮದ್ದಲ್ಲ. ಅದೇ 60 ಹರ್ಟ್ಸ್ ಮಾನಿಟರ್ ಇರುವವರಿಗೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್ ಬಿಡುವು ಇದೆ. 3600 ಇನ್ನೂ ಬಹುಪಾಲು ಆಟಗಳನ್ನು ಅಷ್ಟರೊಳಗೆ ಮುಗಿಸುತ್ತದೆ. ಅಂಥವರು ಮೊದಲು ಮಾನಿಟರ್ ಬದಲಿಸುವುದು ಮೇಲು.

ಆಟದಾಚೆ ಈ ಚಿಪ್ಪಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ವೀಡಿಯೊ ಎನ್‌ಕೋಡಿಂಗ್, ಬ್ಲೆಂಡರ್ ರೆಂಡರ್ ಇವಕ್ಕೆ ಕ್ಯಾಶ್‌ಗಿಂತ ಗಡಿಯಾರದ ವೇಗ ಮುಖ್ಯ. ಅಲ್ಲಿ ಅಗ್ಗದ 5700ಎಕ್ಸ್ ಗೆಲ್ಲುತ್ತದೆ.

ಹೆಸರಿನ ಗೊಂದಲದಿಂದ ಎಡವುವವರೂ ಇದ್ದಾರೆ. 5700ಎಕ್ಸ್3ಡಿ, 5700ಎಕ್ಸ್, 5700ಜಿ, ಬರೀ 5700 ಇವು ನಾಲ್ಕು ಬೇರೆ ಬೇರೆ. ಕೊನೆಯ ಎರಡರಲ್ಲಿ ಎಲ್3 ಕ್ಯಾಶ್ 16 ಎಂಬಿ ಮಾತ್ರ, ಗ್ರಾಫಿಕ್ಸ್ ಕಾರ್ಡಿನ ಕೊಂಡಿಯಾದ ಪಿಸಿಐಇ ಕೂಡ 3.0ಕ್ಕೆ ನಿಲ್ಲುತ್ತದೆ. ಬಿಲ್ಲಿನಲ್ಲಿ ‘ರೈಜೆನ್ 7 5700’ ಎಂದಷ್ಟೇ ಇದ್ದರೆ ಡಬ್ಬಿ ಒಡೆಯುವ ಮೊದಲೇ ವಾಪಸ್ ಕೊಡಿ.

ಇನ್ನು ಕೂರಿಸುವ ಕೆಲಸ. ಮೊದಲ ಕೆಲಸ ಬಯೋಸ್, ಅದೂ ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ. ಬೋರ್ಡ್ ತಯಾರಕರ ಸಪೋರ್ಟ್ ಪುಟದಲ್ಲಿ ಸಿಪಿಯು ಪಟ್ಟಿ ತೆರೆದು 5700ಎಕ್ಸ್3ಡಿ ಎದುರು ಯಾವ ಬಯೋಸ್ ಆವೃತ್ತಿ ಬರೆದಿದೆ ನೋಡಿ, ಅದು ಅಥವಾ ಅದಕ್ಕಿಂತ ಹೊಸದನ್ನು ಹಾಕಿ. 300 ಸರಣಿಯ ಬಿ350, ಎಕ್ಸ್370 ಬೋರ್ಡುಗಳಿಗೂ 2022ರಿಂದ 5000 ಸರಣಿಯ ಬೆಂಬಲ ಬಂದಿದೆ, ಆದರೆ ಪ್ರತಿ ಬೋರ್ಡಿಗೂ ಅಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೊಳ್ಳಬೇಡಿ. ಫೈಲನ್ನು ಎಫ್‌ಎಟಿ32 ಮಾದರಿಯ ಪೆನ್ ಡ್ರೈವಿಗೆ ಹಾಕಿ, ವಿಂಡೋಸ್ ಒಳಗಿನಿಂದಲ್ಲ, ಬಯೋಸ್‌ನೊಳಗಿನ ಅಪ್‌ಡೇಟ್ ಸಾಧನದಿಂದಲೇ ಫ್ಲಾಶ್ ಮಾಡಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ, ಆದ್ದರಿಂದ ಯುಪಿಎಸ್ ಇದ್ದರೆ ಒಳ್ಳೆಯದು.

ಅಪ್‌ಡೇಟ್ ಆದಕೂಡಲೇ ಬಯೋಸ್‌ನ ಆಯ್ಕೆಗಳೆಲ್ಲ ಮೊದಲಿನ ಸ್ಥಿತಿಗೆ ಮರಳಿರುತ್ತವೆ. ಎಕ್ಸ್‌ಎಂಪಿ, ರೀಸೈಜಬಲ್ ಬಾರ್, ಸೆಕ್ಯೂರ್ ಬೂಟ್, ಫ್ಯಾನ್ ವೇಗ ಎಲ್ಲವನ್ನೂ ಮತ್ತೆ ಹಾಕಬೇಕು. ‘ಹೊಸ ಪ್ರೊಸೆಸರ್ ಹಾಕಿದೆ, ಏನೂ ಏರಲಿಲ್ಲ’ ಎನ್ನುವವರಲ್ಲಿ ಹಲವರ ರ‍್ಯಾಮ್ 2133ರಲ್ಲಿ ಓಡುತ್ತಿರುತ್ತದೆ.

ಬಯೋಸ್ ಅಪ್‌ಡೇಟಿಗೂ, ಪ್ರೊಸೆಸರ್ ಬದಲಿಸುವುದಕ್ಕೂ ಮೊದಲು ವಿಂಡೋಸ್‌ನಲ್ಲಿ ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಇದ್ದರೆ ಸಸ್ಪೆಂಡ್ ಮಾಡಿ, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಬೀಗದ ಕೀಯನ್ನು ಕಾಯುವ ಎಎಂಡಿಯ ಎಫ್‌ಟಿಪಿಎಂ ಪ್ರೊಸೆಸರಿಗೆ ಅಂಟಿಕೊಂಡಿರುವುದರಿಂದ ಹೊಸ ಚಿಪ್ಪಿನೊಂದಿಗೆ ಮೊದಲ ಸಲ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಹೊಸ ಸಿಪಿಯು ಬಂದಿದೆ, ವೈ ಒತ್ತಿದರೆ ಎಫ್‌ಟಿಪಿಎಂ ರೀಸೆಟ್, ಎನ್ ಒತ್ತಿದರೆ ಇಲ್ಲ ಎಂಬ ಸೂಚನೆ ಕಾಣಬಹುದು. ಬಿಟ್‌ಲಾಕರ್ ಸಸ್ಪೆಂಡ್ ಆಗಿ, ಕೀ ಕೈಯಲ್ಲಿದ್ದರೆ ವೈ ಒತ್ತಿ. ಕೀ ಇಲ್ಲದೆ ವೈ ಒತ್ತಿದವರ ಡ್ರೈವ್ ಬೀಗ ಹಾಕಿಕೊಂಡು ಕೂರುತ್ತದೆ.

ಈಗ ಕೂಲರ್ ತೆಗೆಯುವುದು. ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರಿನ ಹೊಟ್ಟೆಯಲ್ಲಿವೆ, 1331 ಪಿನ್‌ಗಳು, ಮೇಲಿನಿಂದ ಅದುಮಿ ಹಿಡಿಯುವ ಚೌಕಟ್ಟು ಇಲ್ಲ. ಕೂಲರ್ ಮತ್ತು ಪ್ರೊಸೆಸರಿನ ನಡುವೆ ವರ್ಷಗಳಿಂದ ಒಣಗಿದ ಥರ್ಮಲ್ ಪೇಸ್ಟ್ ಗೋಂದಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದಂತೆಯೇ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಕೆಲಸ ಶುರು ಮಾಡುವ ಮೊದಲು ಹದಿನೈದು ನಿಮಿಷ ಭಾರದ ಆಟ ಓಡಿಸಿ ಪೇಸ್ಟ್ ಬೆಚ್ಚಗಾಗಲಿ. ಆಮೇಲೆ ಪಿಸಿ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಕೂಲರಿನ ಕ್ಲಿಪ್ ಅಥವಾ ಸ್ಕ್ರೂ ಬಿಡಿಸಿ, ಕೂಲರನ್ನು ಎತ್ತದೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಅಂಟು ಬಿಟ್ಟದ್ದು ಕೈಗೇ ತಿಳಿಯುತ್ತದೆ, ಆಗ ಎತ್ತಿ. ಅಷ್ಟಾದರೂ ಪ್ರೊಸೆಸರ್ ಜೊತೆಯಲ್ಲೇ ಬಂದುಬಿಟ್ಟರೆ ಸ್ಕ್ರೂಡ್ರೈವರ್ ತೂರಿಸಬೇಡಿ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಹಲ್ಲಿಗೆ ಬಳಸುವ ಫ್ಲಾಸ್ ದಾರವನ್ನು ನಡುವೆ ಎಳೆದು ಬಿಡಿಸಿ.

ಹೊಸದನ್ನು ಕೂರಿಸುವಾಗ ಲಿವರ್ ಪೂರ್ತಿ ನೆಟ್ಟಗೆ ನಿಂತಿರಲಿ. ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ಚಿಪ್ಪು ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಒತ್ತಬೇಕೆನಿಸಿದರೆ ಎಲ್ಲೋ ಪಿನ್ ಬಾಗಿದೆ ಎಂದೇ ಅರ್ಥ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಮೊದಲ ಬೂಟ್‌ನಲ್ಲಿ ರ‍್ಯಾಮ್ ಹೊಂದಿಸಿಕೊಳ್ಳಲು ಬೋರ್ಡ್ ಒಂದೆರಡು ನಿಮಿಷ ಕಪ್ಪು ಪರದೆ ತೋರಿಸಬಹುದು, ಗಾಬರಿಯಾಗಿ ಪವರ್ ತೆಗೆಯಬೇಡಿ. ವಿಂಡೋಸ್ ಮತ್ತೆ ಹಾಕುವ ಅಗತ್ಯವಿಲ್ಲ, ಎಎಂಡಿ ಚಿಪ್‌ಸೆಟ್ ಡ್ರೈವರ್ ಹೊಸದು ಹಾಕಿದರೆ ಸಾಕು.

ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. 3600ರ ಜೊತೆ ಬಂದಿದ್ದ ಪುಟ್ಟ ರೈತ್ ಸ್ಟೆಲ್ತ್ ಇದಕ್ಕೆ ಸಾಲದು. ಕರೆಂಟ್ ಬಳಕೆ ಹೆಚ್ಚೆಂದಲ್ಲ, ಆಟದಲ್ಲಿ ಈ ಚಿಪ್ಪು ಟಿಡಿಪಿಗಿಂತ ಬಹಳ ಕಡಿಮೆಯೇ ಉಣ್ಣುತ್ತದೆ. ಆದರೆ ಮೇಲಿನ ಕ್ಯಾಶ್ ಪದರ ಶಾಖ ಹೊರಬರುವುದಕ್ಕೆ ಅಡ್ಡ. 120 ಎಂಎಂ ಫ್ಯಾನಿನ ಒಂಟಿ ಟವರ್ ಕೂಲರ್ ಧಾರಾಳ ಸಾಕು, ನೀರಿನ ಕೂಲರ್ ದಂಡ. ಆಟದಲ್ಲಿ 70ರ ಆಚೀಚೆ, ಕೆಲವೊಮ್ಮೆ 80 ಡಿಗ್ರಿ ಕಂಡರೆ ಚಿಂತೆ ಬೇಡ. ಇದರ ಮಿತಿ 90, ಅದನ್ನು ಮುಟ್ಟಿದರೆ ವೇಗ ತಾನೇ ಇಳಿಸಿಕೊಳ್ಳುತ್ತದೆ.

ಓವರ್‌ಕ್ಲಾಕ್ ಇಲ್ಲ, ಮಲ್ಟಿಪ್ಲೈಯರ್‌ಗೆ ಬೀಗ. ಬದಲಿಗೆ ಕರ್ವ್ ಆಪ್ಟಿಮೈಜರ್‌ನಿಂದ ವೋಲ್ಟೇಜ್ ಇಳಿಸಬಹುದು. ಬೋರ್ಡ್ ಬಿಡದಿದ್ದರೆ ಪಿಬಿಒ2 ಟ್ಯೂನರ್ ಎಂಬ ಉಚಿತ ಸಾಧನ ಇದೆ. ರೀಸ್ಟಾರ್ಟ್ ಆದಾಗ ಮರೆತುಬಿಡುವುದರಿಂದ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿಡಬೇಕು. ಎಲ್ಲರೂ ಮೈನಸ್ 30 ಎನ್ನುತ್ತಾರೆ. ಮೈನಸ್ 15ರಿಂದ ಶುರು ಮಾಡಿ. ಹೆಚ್ಚಾದರೆ ಆಟದ ನಡುವೆ ಅಲ್ಲ, ಪಿಸಿ ಸುಮ್ಮನೆ ಕೂತಿರುವಾಗ ರೀಸ್ಟಾರ್ಟ್ ಆಗುವುದೇ ಹೆಚ್ಚು. ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ (ಹಾರ್ಡ್‌ವೇರ್ ದೋಷದ) ಎರರ್ ಕಂಡರೆ ಐದು ಹಿಂದಕ್ಕೆ ಬನ್ನಿ.

ಕೊಳ್ಳಬೇಕೇ ಎಂಬ ಪ್ರಶ್ನೆಗೆ ನಮ್ಮ ಉತ್ತರ ನಿಮ್ಮ ಗ್ರಾಫಿಕ್ಸ್ ಕಾರ್ಡಿನ ಮೇಲೆ ನಿಂತಿದೆ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3060 ಮಟ್ಟದ ಕಾರ್ಡಿದ್ದು 2600 ಬದಲಿಸುವವರಿಗೆ ಮಾಮೂಲಿ 5600 ಸಾಕು, ಉಳಿದ ದುಡ್ಡು ಕಾರ್ಡಿಗೆ. ಆರ್‌ಎಕ್ಸ್ 6800, ಆರ್‌ಟಿಎಕ್ಸ್ 4070 ಅಥವಾ ಮೇಲಿನದಿದ್ದು 3600ರಲ್ಲಿ ಸಿಕ್ಕಿಹಾಕಿಕೊಂಡಿದ್ದರೆ 5700ಎಕ್ಸ್3ಡಿ ಕಣ್ಣು ಮುಚ್ಚಿ ಹಾಕಿಸಬಹುದಾದ ಚಿಪ್ಪು. 5600 ಇರುವವರು ಮೇಲೆ ಹೆಸರಿಸಿದಂಥ ಆಟ ಆಡುತ್ತಿದ್ದರೆ ಮಾತ್ರ ಯೋಚಿಸಿ. 5800ಎಕ್ಸ್3ಡಿ 4.5 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ, ಆಟದಲ್ಲಿ ಸ್ವಲ್ಪವೇ ಮುಂದೆ; ಎರಡರಲ್ಲಿ ಅಗ್ಗವಾಗಿ ಸಿಕ್ಕಿದ್ದನ್ನು ತೆಗೆದುಕೊಳ್ಳಿ.

ಎಎಂ5ಗೆ ಹೋಗುವುದೆಂದರೆ ಪ್ರೊಸೆಸರ್, ಬೋರ್ಡ್, ಡಿಡಿಆರ್5 ರ‍್ಯಾಮ್ ಮೂರೂ ಹೊಸದು. ಅಲ್ಲಿನ ಆರು ಕೋರಿನ 7600 ಆಟದಲ್ಲಿ ಹೆಚ್ಚು ಕಡಿಮೆ 5800ಎಕ್ಸ್3ಡಿಗೆ ಸಮ, ಮುಂದೆ 7800ಎಕ್ಸ್3ಡಿ, 9800ಎಕ್ಸ್3ಡಿಗೆ ಏರುವ ದಾರಿಯೂ ತೆರೆದಿರುತ್ತದೆ. ನಾವು ಇಟ್ಟುಕೊಂಡಿರುವ ಲೆಕ್ಕ ಇಷ್ಟು: 5700ಎಕ್ಸ್3ಡಿ ಮತ್ತು ಕೂಲರಿನ ಒಟ್ಟು ಬೆಲೆ, ಎಎಂ5ರ ಮೂರರ ಒಟ್ಟು ಬೆಲೆಯ ಅರ್ಧದೊಳಗಿದ್ದರೆ ಹಳೆಯ ಬೋರ್ಡಿನಲ್ಲೇ ಮುಂದುವರಿಯಿರಿ. ಅರ್ಧ ದಾಟಿದರೆ ಬೇಡ, ಸತ್ತ ಸಾಕೆಟ್ಟಿಗೆ ಅಷ್ಟು ಸುರಿಯುವುದು ಸರಿಯಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೇಲ್ಭಾಗದ ಫೋಟೊ ಜೊತೆ ಪಿನ್‌ಗಳ ಫೋಟೊವನ್ನೂ ಕೇಳಿ, ಸಾಲುಗಳು ಓರೆಯಿಂದ ನೋಡಿದಾಗ ಗೆರೆ ಎಳೆದಂತೆ ಇರಬೇಕು. ಒಂದೆರಡು ಬಾಗಿದ್ದರೆ ತೆಳುವಾದ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ನೆಟ್ಟಗೆ ಮಾಡಬಹುದು, ಮುರಿದಿದ್ದರೆ ಬೇಡವೇ ಬೇಡ. ಮೇಲಿನ ಲೋಹದ ಮುಚ್ಚಳದ ಬರಹವನ್ನು ನಂಬಿ ದುಡ್ಡು ಕೊಡಬೇಡಿ. ಬೋರ್ಡಿಗೆ ಹಾಕಿ, ಸಿಪಿಯು-ಝಡ್ ತೆರೆದು, ಎಲ್3 ಸಾಲಿನಲ್ಲಿ 96 ಎಂಬಿ ಕಂಡಮೇಲೆ ಕೊಡಿ.